ಸತ್ತವರ ಬಣ್ಣ

"ಅಳಿಸಿದ್ವಿ ಅಂದ್ರೆ ಏನ್ ಮಾರಾಯ? ನಮ್ಮಪ್ಪನ ಬಣ್ಣ ಅಳ್ಸೋಕೆ ನೀವ್ಯಾರು?"

"ಕೂಗ್ಬೇಡಿ ಬೆಳ್ಳಿಯಪ್ಪಣ್ಣ. ಕೂಗೋದಾದ್ರೆ ನಂಗೂ ಬರುತ್ತೆ."

ಕೂಗಿಯೇ ಹೇಳಿದೆ. ಮೂಡಿಗೆರೆ ಬಸ್ ಸ್ಟ್ಯಾಂಡ್ ಎದುರಿಗೆ ಸ್ಟುಡಿಯೋ ಇಟ್ಟವನು ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ.

ಜಾವಳಿಯ ಬೆಳ್ಳಿಯಪ್ಪಣ್ಣನಿಗೆ ಎಪ್ಪತ್ತು ದಾಟಿದೆ. ತೋಟವಿದೆ, ಆರೋಗ್ಯವೂ ಇದೆ. ಅವತ್ತು ಬಂದದ್ದು ತಾವು ಸತ್ತ ಮೇಲೆ ಗೋಡೆಗೆ ಹಾಕುವ ಫೋಟೊ ತೆಗೆಸಲು. ಮಕ್ಕಳಿಗೆ ಬಿಟ್ಟರೆ ಯಾವುದೋ ಮದುವೆ ಊಟದಲ್ಲಿ ಬಾಯಿ ತೆರೆದಾಗ ಮೊಬೈಲಿನಲ್ಲಿ ಹಿಡಿದದ್ದನ್ನೇ ಹಾಕುತ್ತಾರೆ ಅಂತ ಹೆದರಿಕೆ. ಸ್ಟುಡಿಯೋದ ಕರಿ ಕೋಟು ಅವರಿಗೆ ದೊಗಲೆ. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಹಾಕಿ ಬಿಗಿ ಮಾಡಿ, ಎದೆಯಿಂದ ಮೇಲೆ ಮಾತ್ರ ತೆಗೆದಿದ್ದೆ. ಮುಖ ಇದ್ದ ಹಾಗೇ ಬಂತು. ಜಗಳ ಶುರುವಾದದ್ದೇ ಅಲ್ಲಿ.

ನಮ್ಮಲ್ಲಿ ಹಿಂದೆ ಒಂದು ದರಿದ್ರ ಪ್ರಿಂಟರ್ ಇತ್ತು. ಯಾರ ಮುಖ ಕೊಟ್ಟರೂ ಒಣಗಿದ ಕಾಫಿ ಹಣ್ಣಿನ ಕಂದುಗೆಂಪು ಬಣ್ಣಕ್ಕೆ ತಿರುಗಿಸುತ್ತಿತ್ತು. ಜಾವಳಿಯಿಂದ ದೇವರಮನೆ ಬೆಟ್ಟದವರೆಗೆ ಗೋಡೆ ಮೇಲಿರುವ ಹಿರಿಯರೆಲ್ಲ ಅದೇ ಬಣ್ಣ. ಸತ್ತವರ ಬಣ್ಣವೇ ಅದು ಅಂತ ಜನ ಒಪ್ಪಿಕೊಂಡರು. ನಾನೇಕೆ ಬೇಡ ಅನ್ನಲಿ? ಪ್ರಿಂಟರ್ ಗುಜರಿಗೆ ಹೋದ ಮೇಲೂ ಅದರ ಸೆಟ್ಟಿಂಗ್ ಫೋಟೊಶಾಪಿನಲ್ಲಿ ಉಳಿದಿತ್ತು. ಅದನ್ನು ಒತ್ತಿದರೆ ಆ ಪ್ರಿಂಟರಿನಲ್ಲಿ ಮುಖ ಹೇಗೆ ಬರುತ್ತಿತ್ತೋ ಹಾಗೇ ಪರದೆ ಮೇಲೆ ಕಾಣುತ್ತಿತ್ತು. ಅದನ್ನು ನೋಡಿಕೊಂಡು ಹೊಸ ಪ್ರಿಂಟರಿನಲ್ಲೂ ಆ ಕೆಂಪನ್ನೇ ತರುತ್ತಿದ್ದೆವು.

ಹಿಂದಿನ ದಿನ ನಾನೇ ಹೆಂಡತಿ ಪವಿತ್ರಾಳ ಮೇಲೆ ಹರಿಹಾಯ್ದಿದ್ದೆ. ಕಂಪ್ಯೂಟರ್ ಕೆಲಸ ಅವಳದು. ಇಲ್ಲದ ಪ್ರಿಂಟರುಗಳು, ಸಿಗದ ಪೇಪರುಗಳು, ಮುಚ್ಚಿಹೋದ ಲ್ಯಾಬುಗಳು, ಎಲ್ಲದರ ಸೆಟ್ಟಿಂಗೂ ಒಂದರ ಕೆಳಗೊಂದು ಕೂತಿದ್ದವು. ಇದೇನು ಸ್ಟುಡಿಯೋನೋ ಸ್ಮಶಾನಾನೋ ಅಂದೆ. ಅವಳು ಸಿಟ್ಟಿಗೆ ಒಂದನ್ನೂ ಬಿಡದೆ ಅಳಿಸಿದಳು.

"ನಮ್ಮಮ್ಮನ ಗತಿ ನೋಡು ಶಶಿ," ಬೆಳ್ಳಿಯಪ್ಪಣ್ಣ ಸ್ವಲ್ಪ ಇಳಿದರು. "ಅವ್ರ ಫೋಟೊ ಮಾತ್ರ ಚಿಕ್ಕಮಗಳೂರಲ್ಲಿ ಮಾಡ್ಸಿದ್ದು. ಒಳ್ಳೆ ಬಣ್ಣ. ಅಪ್ಪ, ಅಣ್ಣನ ಪಕ್ಕ ಹಾಕಿದ್ರೆ ಬಂದೋರೆಲ್ಲ 'ಇವ್ರ್ಯಾರು, ನೆಂಟ್ರಾ?' ಅಂತಾರೆ. ನಂಗದು ಬೇಡ. ಅಣ್ಣನ ಪಕ್ಕ ಮೊಳೆ ಹೊಡೆದಾಗಿದೆ. ಅಲ್ಲಿ ನಾನು ಮನೆಯವ್ನ ಥರ ಇರ್ಬೇಕು."

ಪವಿತ್ರಾ ಸೆಟ್ಟಿಂಗ್ ಇಲ್ಲದೆ ಪರದೆ ಮೇಲೆ ಕೈಯಲ್ಲೇ ಬಣ್ಣ ಕೂಡಿಸಿ ಕಳೆದು ನೋಡಿದಳು. ಬೆಳ್ಳಿಯಪ್ಪಣ್ಣ ಮೊದಲು ಕಾಮಾಲೆ ಬಂದವರಂತೆ ಕಂಡರು, ಆಮೇಲೆ ಹೋಳಿ ಆಡಿದವರಂತೆ. ಅವರು ದಡದಡನೆ ಹೋಗಿ ಜೀಪಿನಿಂದ ಅಪ್ಪನ ಫೋಟೊ ತಂದರು. ಬಣ್ಣ ತಪ್ಪಬಾರದು ಅಂತ ಗಂಧದ ಹಾರದ ಸಮೇತ ಗೋಡೆಯಿಂದ ಇಳಿಸಿ ತಂದಿದ್ದರು. ಕುರ್ಚಿ ಮೇಲೆ ಕೂರಿಸಿ, "ಇದನ್ ನೋಡ್ಕೊಂಡು ಮಾಡು" ಅಂದರು.

ಪವಿತ್ರಾ ಸೋತಳು. "ಅಣ್ಣ, ನಿಮ್ಮನ್ನ ಅವ್ರ ಬಣ್ಣಕ್ಕೆ ತರೋಕಾಗ್ತಿಲ್ಲ. ಅವ್ರನ್ನೇ ನಿಮ್ಮ ಬಣ್ಣಕ್ಕೆ ತಂದ್ರೆ? ಎಲ್ರೂ ಒಂದೇ ಥರ ಆಗ್ತಾರೆ."

"ಅಮ್ಮನೂ ಸೇರ್ತಾರಾ?"

"ಸೇರ್ತಾರೆ."

"ಹಾಗಾದ್ರೆ ಮಾಡವ್ವ."

ಫೋಟೊ ಸ್ಕ್ಯಾನ್ ಮಾಡಿ ಕೆಂಪು ತೆಗೆಯುತ್ತಾ ಹೋದಳು. ಕೆನ್ನೆಗೆ ರಕ್ತ ಬಂತು. ಮೀಸೆ ಕರ್ರಗಾಯಿತು. ಕಣ್ಣು ಬಿಟ್ಟಂತಾಯಿತು. ಮಗನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನಾದ ಒಬ್ಬ ಗಟ್ಟಿ ಆಳು ಪರದೆಯಿಂದ ನೆಟ್ಟಗೆ ನೋಡತೊಡಗಿದ.

ಬೆಳ್ಳಿಯಪ್ಪಣ್ಣ ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಸಿದರು.

"ಶಶಿ, ನೋಡ್ತಿದ್ದಾರೆ ಮಾರಾಯ."

"ಫೋಟೊ ಅಲ್ವಾ, ನೋಡ್ದೆ ಏನ್ ಮಾಡುತ್ತೆ!"

"ಇವ್ರು ಹಾಕಿದ್ದ ಅರೇಬಿಕಾ ಕಾಫಿ ಕೀಳ್ಸಿ ರೋಬಸ್ಟಾ ಹಾಕಿದ್ದೀನಿ. ಕೆಂಪಗಿದ್ದಾಗ ಏನೂ ಅಂದಿರ್ಲಿಲ್ಲ."

"ಈಗ್ಲೂ ಏನೂ ಅಂದಿಲ್ವಲ್ಲ!"

"ಅಪ್ಪ ಮೊದ್ಲು ಏನೂ ಅನ್ನಲ್ಲ. ಹಿಂಗೇ ನೋಡ್ತಾರೆ. ಆಮೇಲೆ ಅಂತಾರೆ."

ನನಗೆ ತಲೆಕೆಟ್ಟಿತು. ಹಾರದ ಫೋಟೊ ಎತ್ತಿ ಅವರ ಮುಂದೆ ಹಿಡಿದೆ. "ತಗೊಳ್ಳಿ, ನಿಮ್ಮ ಕೆಂಪು ಅಪ್ಪ. ಮನೆಗೆ ಹೋಗಿ ಮೊದ್ಲಿನ ಜಾಗದಲ್ಲೇ ಹಾಕಿ."

ಮುಟ್ಟಲಿಲ್ಲ. "ಅದು ಅವ್ರಲ್ಲ ಅಂತ ಈಗ ಗೊತ್ತಾಯ್ತಲ್ಲ."

"ಮತ್ತೆ ನಿಮ್ಮ ಫೋಟೊ? ಮೊಳೆ?"

"ಇವ್ರ ಪಕ್ಕ ಯಾರು ಕೂರ್ತಾರೆ ಮಾರಾಯ!"

ಪರದೆಗೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಬಾಗಿಲು ದಾಟಿದರು. ಅಲ್ಲಿಂದ ತಿರುಗಿ ಬಿರಬಿರನೆ ಹೋದರು. ಬೆನ್ನ ಮೇಲೆ ಕ್ಲಿಪ್ಪುಗಳು ಸಾಲಾಗಿ ಕಂಡವು.

"ಕೋಟು, ಬೆಳ್ಳಿಯಪ್ಪಣ್ಣ! ನಮ್ ಕೋಟು!"

ಅವರ ಜೀಪು ಜಾವಳಿ ರಸ್ತೆಗೆ ತಿರುಗಿತು. ಅವರ ಜರ್ಕಿನ್ ನಮ್ಮ ಗೂಟದಲ್ಲಿ, ಅವರ ಅಪ್ಪ ನನ್ನ ಕೈಯಲ್ಲಿ. ಪರದೆ ಮೇಲಿರುವವರನ್ನು ಅಳಿಸು ಅಂತ ಪವಿತ್ರಾಳಿಗೆ ಹೇಳಿದರೆ, ನೀವೇ ಅಳಿಸಿ ಅಂದಳು. ಬೆಳ್ಳಿಯಪ್ಪಣ್ಣ ಮತ್ತೆ ಬರಲಿಲ್ಲ.