ಎಲ್ಲಿ ಕೂತರೂ ಅದೇ ಮೇಜು

ಆಯುಧಪೂಜೆಯ ಬೆಳಿಗ್ಗೆ ಅರ್ಪಿತ ಮೊಪೆಡ್ ತೊಳೆಯಲು ನಾಲೆಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಹೊನ್ನಪ್ಪ ಮನೆಯಲ್ಲಿರಲಿಲ್ಲ. ಅವನಿಗೆ ಮರೆವು ಅಂಟಿಕೊಂಡು ವರ್ಷವಾಗಿತ್ತು, ಉಂಡದ್ದೂ ನೆನಪಿರುತ್ತಿರಲಿಲ್ಲ. ಅರಕೆರೆಯ ಬೀದಿ, ಗದ್ದೆ ಬಯಲು ಎಲ್ಲ ಹುಡುಕಿದಳು. ತುಂಬಿ ಹರಿಯುವ ನಾಲೆಯ ದಂಡೆಯುದ್ದಕ್ಕೂ ನೀರು ನೋಡುತ್ತ ಓಡಿದಳು. ಶ್ರೀರಂಗಪಟ್ಟಣದ ಪೊಲೀಸರು ಫೋಟೊ ಕೇಳಿದರು. ಇದ್ದ ಒಂದೇ ಫೋಟೊವನ್ನು ಗೆದ್ದಲು ತಿಂದಿತ್ತು.

ಅದರ ನಕಲು ಅವಳ ಮೇಜಿನಲ್ಲಿತ್ತು. ಮೇಜೆಂದರೆ ಮರದ್ದಲ್ಲ. ದಿನಕ್ಕೊಂದು ಊರಿನಂತೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ ಕಂಪ್ಯೂಟರ್ ಪಾಠ ಹೇಳುವ ಅರ್ಪಿತಳಿಗೆ ಸ್ವಂತ ಕಂಪ್ಯೂಟರ್ ಇಲ್ಲ. ಆ ವರ್ಷ, ತೊಂಬತ್ತೊಂಬತ್ತರಲ್ಲಿ, ಇಂಟರ್ನೆಟ್ಟಿನಲ್ಲೇ ಒಂದು ಡೆಸ್ಕ್‌ಟಾಪ್, ಅವಳ ಮಾತಿನಲ್ಲಿ ಮೇಜು, ಪುಕ್ಕಟೆ ಸಿಕ್ಕಿತ್ತು. ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿದರೂ ಅವಳ ಪಾಠ, ಚಿತ್ರಗಳೆಲ್ಲ ಬಿಟ್ಟುಹೋದಂತೆಯೇ ಬಿಚ್ಚಿಕೊಳ್ಳುತ್ತಿದ್ದವು. ದಿನಾ "ಇವತ್ತು ಯಾವೂರವ್ವ" ಎಂದು ಹತ್ತು ಸಲ ಕೇಳುವ ಅಪ್ಪನಿಗೆ ಹೇಳಿ ಹೇಳಿ ಸಾಕಾಗಿ ಒಮ್ಮೆ ಅಂದಿದ್ದಳು, "ಯಾವೂರಾದ್ರೇನಪ್ಪ, ಎಲ್ಲಿ ಕಂಪ್ಯೂಟರ್ ತೆಗೆಸಿದ್ರೂ ನಾನು ಅಲ್ಲೇ ಸಿಕ್ತೀನಿ ಬುಡು." ತಮಾಷೆಯ ಮಾತು, ಆಡಿ ಮರೆತಿದ್ದಳು.

ಪೊಲೀಸರ ಬಳಿಯಿಂದ ಅವಳು ಶ್ರೀರಂಗಪಟ್ಟಣದಲ್ಲಿ ತಾನು ಪಾಠ ಹೇಳುವ ಸೆಂಟರಿಗೆ ಓಡಿದಳು. ಯಜಮಾನ ಚಲುವರಾಜು ಪೂಜೆ ಮುಗಿಸಿ ಕೂತಿದ್ದ. ಕಂಪ್ಯೂಟರುಗಳಿಗೆಲ್ಲ ಅರಿಶಿನ, ಕುಂಕುಮ, ಸೇವಂತಿಗೆ ಹಾರ.

"ಇವತ್ತು ಮುಟ್ಟಂಗಿಲ್ಲ ಕಣವ್ವ. ನಾಳೆ ಪೂಜೆ ಎತ್ತಿದ ಮ್ಯಾಲೆ ಬಾ."

"ನಮ್ಮಪ್ಪ ಕಾಣ್ತಿಲ್ಲ ಚಲುವರಾಜಣ್ಣ," ಎಂದಳು. "ಪೊಲೀಸ್ರು ಫೋಟೊ ಕೇಳ್ತಾವ್ರೆ, ಅದು ಇದ್ರಲ್ಲೇ ಸಿಗಾದು."

ಚಲುವರಾಜು ಎದ್ದು, ಒಂದು ಕಂಪ್ಯೂಟರಿಗೆ ಕೈಮುಗಿದು, ಹಾರವನ್ನು ತಾನೇ ತೆಗೆದ. ಮೋಡೆಮ್ ಕಿರುಚಿ ಕಿರುಚಿ ಕೊನೆಗೆ ಲೈನು ಸಿಕ್ಕಿತು. ಫೋಟೊ ಮೇಲಿನಿಂದ ಇಷ್ಟಿಷ್ಟೇ ಇಳಿಯಿತು: ಒತ್ತಾದ ಕೂದಲು, ಹಣೆ, ಗಿರಿಜಾ ಮೀಸೆ.

ಚಲುವರಾಜು ಬಗ್ಗಿ ನೋಡಿದ. "ಊಂಹೂಂ, ಈ ವಯ್ಯನ್ನ ನಾನು ಕಂಡಿಲ್ಲ."

ಆಗ ಅರ್ಪಿತಳಿಗೆ ಹೊಳೆಯಿತು. ಹೋದ ವಾರ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದು ಅಪ್ಪನ ಮುಡಿ ಕೊಡಿಸಿದವಳು ಅವಳೇ. ಅವಳ ಮೇಜು ಎಲ್ಲವನ್ನೂ ಇಟ್ಟಂತೆಯೇ ಕಾಯ್ದಿತ್ತು. ಅಪ್ಪ ಹಾಗೆ ಉಳಿದಿರಲಿಲ್ಲ.

"ಈಗ ಇಂಗಿಲ್ಲ ಕಣಣ್ಣ. ತಲೆ ಬೋಳು. ಮೀಸೆನೂ ತೆಗೆಸವ್ರೆ."

ಚಲುವರಾಜು ಮತ್ತೆ ಬಗ್ಗಿ, ಫೋಟೊದ ಕೂದಲು, ಮೀಸೆಗೆ ಬೆರಳು ಅಡ್ಡ ಹಿಡಿದು ನೋಡಿದ.

"ಬೋಳ್ತಲೆ ಅಜ್ಜ ಒಬ್ರು ಬೆಳಗ್ಗೆ ಬಂದಿದ್ರು. ಕಂಪ್ಯೂಟರ್ ತೆಗಿಯಪ್ಪ, ನನ್ ಮಗಳು ಇದ್ರಲ್ಲಿ ಸಿಕ್ತಾಳೆ ಅಂದ್ರು. ಯಾರೋ ಬುದ್ಧಿ ಕೆಟ್ಟೋರು ಅನ್ಕಂಡೆ. ಪೂಜೆ, ಇವತ್ತು ತೆಗೆಯಾಕಿಲ್ಲ, ನಾಳೆ ಬನ್ನಿ ಅಂದ್ಬುಟ್ಟೆ."

"ಎತ್ಲಾಗೋದ್ರು?"

"ಇನ್ನೆಲ್ಲವೆ ಅಂತ ಕೇಳಿದ್ರು. ಪಾಂಡವಪುರದಲ್ಲವೆ, ಕೆ.ಆರ್. ಪೇಟೇಲವೆ ಅಂದೆ. ಬಸ್‌ಸ್ಟ್ಯಾಂಡ್ ಕಡೆ ಹೊಂಟ್ರು."

ಇವತ್ತು ಯಾವ ಊರಿಗೆ ಹೋದರೂ ಕಂಪ್ಯೂಟರುಗಳಿಗೆ ಹಾರ ಬಿದ್ದಿರುತ್ತದೆ. ಎಲ್ಲರೂ ಅಪ್ಪನನ್ನು ನಾಳೆ ಬಾ ಎಂದು ಕಳಿಸುತ್ತಾರೆ. ಉಂಡದ್ದನ್ನೂ ಮರೆಯುವ ಅಪ್ಪ ಅವಳ ತಮಾಷೆಯನ್ನು ಮಾತ್ರ ಮರೆತಿರಲಿಲ್ಲ.

"ಇದ್ನ ಆರಿಸ್ಬೇಡ ಅಣ್ಣ," ಎಂದು ಬಾಗಿಲತ್ತ ಓಡಿದಳು. "ತಿರುಗಿ ಬಂದ್ರೆ ಇದ್ರ ಮುಂದೆ ಕೂರ್ಸು. ಮಗಳು ಇಲ್ಲೇ ಸಿಕ್ತಾಳೆ ಅನ್ನು."

ಚಲುವರಾಜು ಹಾರವನ್ನು ಪಕ್ಕಕ್ಕಿಟ್ಟು, ಉರಿಯುತ್ತಿದ್ದ ಆ ಕಂಪ್ಯೂಟರಿನ ಮುಂದೆ ಒಂದು ಕುರ್ಚಿ ಎಳೆದಿಟ್ಟ.