ಕಳ್ಳಗಾಳಿ

ಇನ್ನು ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ನನ್ನ ಗಂಡ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ, “ಅವನಿಗೇನ್ ಗೊತ್ತು? ನಾನು ಗಾಡಿ ಓಡಿಸೋದು ಕಿವಿಯಿಂದ” ಎಂದರು.

ಅದು ಪೂರ್ತಿ ಬಡಾಯಿಯೇನಲ್ಲ. ಇವರು ಗ್ಯಾರೇಜು ನಡೆಸುತ್ತಿದ್ದಾಗ ಬೇರೆಯವರು ಕೈಚೆಲ್ಲಿದ ಕಾರುಗಳು ಇವರ ಹತ್ತಿರ ಬರುತ್ತಿದ್ದವು. ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಇಂಜಿನ್ನಿನ ಮೇಲೆ ಆಡಿಸಿ, ಕಾಯಿಲೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಈಗ ಉಳಿದಿರುವುದು ಇವರದೇ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೈತುಂಬ ಬಿಂಕ. ನನ್ನ ಸವತಿ ಎಂದೇ ನಾನು ಕರೆಯುವುದು.

ಹೋದ ತಿಂಗಳು ಅದನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯ ಬಸುರಿ ಸೊಸೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಗಾಡಿಗೂ ಅವಳಿಗೂ ನಡುವೆ ಒಂದು ಗೇಣಷ್ಟೇ ಇತ್ತು. “ಯಾರೂ ಇರ್ಲಿಲ್ವಲ್ಲ” ಎಂದರು ಇವರು. ಬೈದು ನೋಡಿದೆ, ಅತ್ತು ನೋಡಿದೆ, ಕೀಲಿ ಬಚ್ಚಿಟ್ಟು ನೋಡಿದೆ. ಇನ್ನೊಂದು ಕೀಲಿ ಮಾಡಿಸಿಕೊಂಡು ಬಂದರು. ಕೊನೆಗೆ ಇವರು ಸ್ನಾನಕ್ಕೆ ಹೋಗಿದ್ದಾಗ ಶೆಡ್ಡಿಗೆ ನುಗ್ಗಿ, ಇಂಜಿನ್ನಿನ ಹಿಂಬದಿಯ ಸಣ್ಣ ರಬ್ಬರ್ ಪೈಪನ್ನು ಕೆಳಗಡೆಯಿಂದ ಬ್ಲೇಡಿನಲ್ಲಿ ಸೀಳಿದೆ. ಅಲ್ಲಿಂದ ಬೇಡದ ಗಾಳಿ, ಇವರ ಮಾತಿನಲ್ಲಿ ಕಳ್ಳಗಾಳಿ, ಒಳಹೊಕ್ಕರೆ ಇಂಜಿನ್ನು ಸುಲಭಕ್ಕೆ ಏಳುವುದಿಲ್ಲ, ಎದ್ದರೂ ನಿಂತಲ್ಲೇ ನಡುಗುತ್ತದೆ. ಊಟಕ್ಕೆ ಕೂತಾಗಲೆಲ್ಲ ಇವರು ಕೊಟ್ಟ ಪಾಠ ನನ್ನ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ.

ಬೇಸತ್ತು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಬಿಡುವ ಆಸಾಮಿಯೇ? ಪ್ಲಗ್ಗುಗಳನ್ನು ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು, ಹೊಸ ಬ್ಯಾಟರಿ ಹಾಕಿದರು. ಗಾಡಿ ಕೆಮ್ಮುತ್ತಿತ್ತು, ಏಳುತ್ತಿತ್ತು, ನಡುಗಿ ನಿಂತುಹೋಗುತ್ತಿತ್ತು. ಇವರ ಮಾತು ಕಡಿಮೆಯಾಯಿತು. ಊಟದ ನಡುವೆ ಕೈ ಸುಮ್ಮನೆ ತಟ್ಟೆಯಲ್ಲೇ ಉಳಿಯುತ್ತಿತ್ತು.

“ಕಳ್ಳಗಾಳಿನೇ ಇರ್ಬೇಕು” ಎಂದರು ಇವತ್ತು ಬೆಳಿಗ್ಗೆ. “ಈಗಿನವರು ಅದೇನೋ ಸ್ಪ್ರೇ ಹೊಡೆದು ಹುಡುಕ್ತಾರೆ. ಕಿವಿ ಇಲ್ದೋರು.”

ಹೇಗೋ ಇಂಜಿನ್ನನ್ನು ಎಬ್ಬಿಸಿ, ಅದು ಸಾಯದ ಹಾಗೆ ಆಕ್ಸಿಲರೇಟರನ್ನು ತಂತಿಯಿಂದ ಎಳೆದು ಕಟ್ಟಿದರು. ಟ್ಯೂಬನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬುಸ್ ಎನ್ನುವ ಸದ್ದು ಬಾಗಿಲಲ್ಲಿ ನಿಂತ ನನಗೇ ಚೆನ್ನಾಗಿ ಕೇಳುತ್ತಿತ್ತು. ಇನ್ನೇನು ಸಿಕ್ಕಿಬಿದ್ದೆ ಎಂದುಕೊಂಡೆ. ಟ್ಯೂಬಿನ ತುದಿ ಸರಿಯಾಗಿ ಆ ಸೀಳಿನ ಹತ್ತಿರ ಬಂತು, ನಿಂತಿತು. “ಇಲ್ಲೇನಿಲ್ಲ” ಎಂದು ಮುಂದಕ್ಕೆ ಸರಿಸಿದರು.

ಸಿಕ್ಕಿಬಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ಮತ್ತೆ ಅಲ್ಲಿಗೇ ಬಂದರು. ಮತ್ತೆ ಏನೂ ಇಲ್ಲ. ನನ್ನ ಮುಖ ನೋಡದೆ ಟ್ಯೂಬನ್ನು ನನ್ನ ಕಡೆ ಚಾಚಿದರು. “ಒಂದ್ಸಲ ನೀನು ಕೇಳಿ ನೋಡೇ. ಗಾಡಿಲೇ ಸದ್ದಿಲ್ವೋ, ಇಲ್ಲ ನನ್ನ ಕಿವಿನೂ ಹೋಯ್ತೋ, ಗೊತ್ತಾಗ್ತಿಲ್ಲ.”

ಕಿವಿಗಿಟ್ಟುಕೊಂಡೆ. ಒಳಗೆ ಹಾವು ಬುಸುಗುಟ್ಟುವ ಹಾಗಿತ್ತು. ಇವರು ಉಸಿರು ಬಿಗಿಹಿಡಿದು ನಿಂತಿದ್ದರು.

“ಇಲ್ಲ” ಎಂದೆ. “ಏನೂ ಕೇಳಿಸ್ತಿಲ್ಲ.”

ಎಷ್ಟೋ ದಿನಗಳ ಮೇಲೆ ಇವರ ಮುಖ ಅರಳಿತು. “ಅಂದ್ಮೇಲೆ ನನ್ನ ಕಿವಿ ನೆಟ್ಟಗಿದೆ. ತಪ್ಪೆಲ್ಲ ಒಳಗಡೆನೇ. ಇಂಜಿನ್ ಬಿಚ್ಚಬೇಕು.”

ಹಳೆಯ ಬೆಡ್‌ಶೀಟೊಂದನ್ನು ತಂದು ಹಾಸಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಆ ಬೆಡ್‌ಶೀಟಿನ ತುಂಬ ಗಾಡಿಯ ಕರುಳು, ಗುಂಡಿಗೆಯೆಲ್ಲ ಹರಡಿತ್ತು. ಇವರು ಸಿಳ್ಳೆ ಹಾಕುತ್ತಿದ್ದರು. ಇದನ್ನೆಲ್ಲ ತಿರುಗಿ ಜೋಡಿಸುವ ಕಣ್ಣು ಇವರಿಗೆ ಉಳಿದಿಲ್ಲ. ಅದು ನನಗೆ ಗೊತ್ತು, ಇವರಿಗೆ ಇನ್ನೂ ಗೊತ್ತಿಲ್ಲ.

ಒಂದು ಬೋಲ್ಟು ಕೈಜಾರಿ ಇವರ ಬಲಮಂಡಿಯ ಪಕ್ಕಕ್ಕೇ ಉರುಳಿತು. ಇವರು ಎಡಗಡೆಯೆಲ್ಲ ತಡವುತ್ತಾ, “ಒಂದೇ ವಾರ ತಾಳು. ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದ್ ಸುತ್ತು ಹೊಡೀತೀನಿ” ಎಂದರು.

ಹೂಂ ಎಂದೆ. ಬೋಲ್ಟನ್ನು ಎತ್ತಿ ಇವರ ಅಂಗೈಯಲ್ಲಿ ಇಟ್ಟೆ.