ತೇಪೆಗೆ ಇಪ್ಪತ್ತೊಂದು ದಿನ

ನಾಯಿ ತಂದ ದಿನವೇ ಅಕ್ಕ ಮೂಗು ಮುರಿದಳು. "ಇದು ನಾಯಿಯೇನೇ? ಚೂರುಬಟ್ಟೆ ಗಂಟು ಅಂದ್ಕೊಂಡೆ," ಅಂದಳು. ಅವಳದ್ದೂ ತಪ್ಪಿರಲಿಲ್ಲ. ನಮ್ಮ ಹೊಲಿಗೆ ಅಂಗಡಿಗೆ ಕಾಲಿಟ್ಟ ಗಳಿಗೆಯಲ್ಲೇ ಅವನು ಬಟ್ಟೆ ಕತ್ತರಿಸುವ ಮೇಜಿನಡಿ ತೂರಿ, ಚೀಲಗಳ ಸಂದಿಯಲ್ಲಿ ಮುದುಡಿ ಕೂತಿದ್ದ. ಬೂದು ಮೈ. ಎಡಗಣ್ಣಿನ ಸುತ್ತ ಮಾತ್ರ ಕಪ್ಪು, ಯಾರೋ ಅವಸರದಲ್ಲಿ ಹಾಕಿದ ತೇಪೆಯ ಹಾಗೆ. ತೇಪೆ ಅಂತಲೇ ಹೆಸರಿಟ್ಟೆ.

ಅವನನ್ನು ತಂದದ್ದು ಊರಾಚೆಯ ನಾಯಿ ಆಶ್ರಯದಿಂದ. ಅಲ್ಲಿ ಉಳಿದ ನಾಯಿಗಳೆಲ್ಲ ಸರಳಿಗೆ ಮುಖ ಒತ್ತಿ ನನ್ನನ್ನು ಕರೆಯುತ್ತಿದ್ದರೆ ಇವನೊಬ್ಬ ಗೋಡೆಗೆ ಮುಖ ಮಾಡಿ ಕೂತಿದ್ದ. ಯಾರಾದರೂ ನನಗೆ ಬೆನ್ನು ತೋರಿಸಿದರೆ ಅವರನ್ನು ತಿರುಗಿಸಿಯೇ ತೀರಬೇಕು, ಅದು ನನ್ನ ಹುಟ್ಟುಗುಣ. ಇವನೇ ಬೇಕು ಅಂದೆ.

ಆಶ್ರಯ ನಡೆಸುವ ಮೇಡಂ ಸಹಿ ಹಾಕಿಸಿಕೊಳ್ಳುವ ಮೊದಲೇ ಮುಲಾಜಿಲ್ಲದೆ ಹೇಳಿದರು. "ಇವನಿಗೆ ಯಾರೋ ಬೆಲ್ಟಲ್ಲಿ ಹೊಡೆದಿದ್ದಾರೆ. ಬೆನ್ನ ಮೇಲೆ ಗೆರೆ ಇನ್ನೂ ಇದೆ ನೋಡಿ. ಎರಡು ಮನೆಯವರು ಕರ್ಕೊಂಡು ಹೋಗಿ ಕೈ ಚೆಲ್ಲಿದ್ರು. ನಿಮಗೆ ಮೂರು ವಾರ ಕೊಡ್ತೀನಿ. ಇಪ್ಪತ್ತೊಂದನೇ ದಿನ ನಾನು ಬಂದಾಗ ಹಗ್ಗ ಹಾಕಿಸ್ಕೊಂಡು ನಿಮ್ಮ ಜೊತೆ ಬಾಗಿಲ ತನಕ ನಡೆದ್ರೆ ಇವನು ನಿಮ್ಮವನು. ಇಲ್ಲಾಂದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ. ಆಮೇಲೆ ಇನ್ಯಾರಿಗೂ ಕೊಡಲ್ಲ. ಕೊನೇ ತನಕ ಹಿಂದಿನ ಬೋನಲ್ಲೇ."

ಆ ಬೋನನ್ನು ನೋಡಿಕೊಂಡು ಬಂದಿದ್ದೆ. ಸಿಮೆಂಟು ನೆಲ, ಒಂದು ನೀರಿನ ಬಕೆಟ್ಟು, ಮೂರು ಮುದಿ ನಾಯಿಗಳು. ಯಾವುದೂ ತಲೆ ಎತ್ತಿರಲಿಲ್ಲ.

ಮರುದಿನವೇ ಟೊಂಕ ಕಟ್ಟಿದೆ. ಅಂಗಡಿಯಲ್ಲಿ ಪಟ್ಟಿಯಂತೆ ಕಾಣುವ ಒಂದೊಂದನ್ನೂ ಹುಡುಕಿ ತೆಗೆದೆ. ನನ್ನ ಕೈಚೀಲದ ಪಟ್ಟಿ, ಅಕ್ಕನ ಪರ್ಸಿನ ಪಟ್ಟಿ, ಗೊಂಬೆಗೆ ತೊಡಿಸಿದ್ದ ಕೋಟಿನ ಬೆಲ್ಟು, ಇಸ್ತ್ರಿಪೆಟ್ಟಿಗೆಯ ಜೋಲುವ ವೈರು, ಎಲ್ಲ ಕಪಾಟು ಸೇರಿದವು. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಬ್ಯಾಂಕಿನ ಮ್ಯಾನೇಜರಿಗೆ, "ಬೆಲ್ಟು ಹೊರಗೆ ಬಿಚ್ಚಿಟ್ಟು ಬನ್ನಿ," ಅಂದೆ. ಆ ಮನುಷ್ಯ ಪ್ಯಾಂಟು ಹಿಡಿದುಕೊಂಡೇ ಅಳತೆ ಕೊಟ್ಟು ಹೋದರು. ಕಾಜಾ ಹೊಲಿಯುತ್ತ ಕೂತಿದ್ದ ಅಕ್ಕ ನಗು ತಡೆಯಲಾರದೆ ಸೂಜಿ ಬೀಳಿಸಿದಳು.

ಆಮೇಲೆ ಊಟ. ತಟ್ಟೆ ಇಡಲು ನಾನು ಬಗ್ಗಿದರೆ ಸಾಕು, ತೇಪೆ ಗೋಡೆಯೊಳಕ್ಕೇ ಹೋಗುವವನಂತೆ ಹಿಂದೆ ಸರಿಯುತ್ತಿದ್ದ. ನಾನು ದೂರ ಹೋದ ಮೇಲೆಯೇ ತಿನ್ನುತ್ತಿದ್ದುದು, ಅದೂ ಅರ್ಧ. ಒಂದು ವಾರ ಬೆಣ್ಣೆ ಹಚ್ಚಿದ ಮಾತಾಡಿದೆ. ನಾನು ಯಾವ ಗಿರಾಕಿಗೂ ಅಷ್ಟು ನಯವಾಗಿ ಮಾತಾಡಿದವಳಲ್ಲ.

ಒಂಬತ್ತನೇ ದಿನ ನನ್ನ ತಾಳ್ಮೆ ಕೆಟ್ಟಿತು. "ಏನೋ, ಮಹಾರಾಜನಾ ನೀನು? ನಾನೇನು ನಿನ್ನ ಮನೆ ಆಳಾ?" ಅಂತ ಕಿರುಚಿ ತಟ್ಟೆಯನ್ನು ಧಡ್ ಎಂದು ಇಟ್ಟೆ. ತೇಪೆ ಕೂತಲ್ಲೇ ಉಚ್ಚೆ ಹೊಯ್ದುಕೊಂಡ. ಎರಡು ದಿನ ಅನ್ನ ಮುಟ್ಟಲಿಲ್ಲ. ಅಕ್ಕ ಒರೆಸುವ ಬಟ್ಟೆ ತಂದು ನನ್ನ ಮುಂದಿಟ್ಟಳು; ಅವಳು ಬೈದಿದ್ದರೆ ಎಷ್ಟೋ ವಾಸಿ ಇತ್ತು. ನೆಲ ಒರೆಸುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇನ್ನು ಈ ಅಂಗಡಿಯಲ್ಲಿ ದನಿ ಎತ್ತಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಐವತ್ತು ದಾಟಿದ ಮೇಲೆ ಸ್ವಭಾವ ತಿದ್ದುವುದು ಹಳೇ ಕೋಟು ಬಿಚ್ಚಿ ಹೊಲಿದಂತೆ, ಹೊಸದಕ್ಕಿಂತ ಕೆಲಸ ಹೆಚ್ಚು. ಆದರೂ ತಿದ್ದಿಕೊಂಡೆ.

ಕುರ್ಚಿ ಬಿಟ್ಟು ನೆಲಕ್ಕಿಳಿದೆ. ಮೇಜಿಗೆ ನಾಲ್ಕು ಮೊಳ ದೂರದಲ್ಲಿ, ಅವನಿಗೆ ಪಕ್ಕೆ ಕೊಟ್ಟು ಕೂತು, ಅಂಚು ಮಡಚಿ ಹೊಲಿಯುವ ಕೈಕೆಲಸವನ್ನೆಲ್ಲ ಅಲ್ಲೇ ಮಾಡಿದೆ. ಮಂಡಿ ನೋವು ಜೀವ ತಿಂದಿತು. ಹದಿನೈದನೇ ದಿನಕ್ಕೂ ಅವನು ಒಂದು ಗೇಣು ಮುಂದೆ ಬಂದಿರಲಿಲ್ಲ.

ಹದಿನಾರನೇ ದಿನ ಮಧ್ಯಾಹ್ನ, ಮನೆ ಕಿಟಕಿ ಪರದೆಗೆ ಅಳತೆ ತೆಗೆಯಬೇಕು ಅಂತ ಅಕ್ಕ ನನ್ನ ಟೇಪು ತೆಗೆದುಕೊಂಡು ಮಹಡಿಗೆ ಹೋದಳು. ನಾನು ಎಂದಿನಂತೆ ನೆಲದಲ್ಲಿ ಕೂತಿದ್ದೆ. ಕಾಲು ಗಂಟೆ ಕಳೆದಿರಬೇಕು. ಚೀಲಗಳ ಸದ್ದಾಯಿತು. ತೇಪೆ ಹೊಟ್ಟೆ ನೆಲಕ್ಕೆ ಸವರುತ್ತ ಹೊರಗೆ ಬಂದ. ನಾನು ಸೂಜಿ ಅಲ್ಲೇ ನಿಲ್ಲಿಸಿದೆ. ಹೊಲಿಯುತ್ತಿದ್ದ ಲಂಗದ ಅಂಚನ್ನು ಮೂಸಿದ, ನನ್ನ ಹೆಬ್ಬೆರಳನ್ನು ಮೂಸಿದ.

ಅಷ್ಟರಲ್ಲಿ ಅಕ್ಕ ಇಳಿದು ಬಂದಳು. "ತಗೊ ನಿನ್ನ ಟೇಪು," ಎಂದು ಹಿಂದಿನಿಂದ ನನ್ನ ಕೊರಳಿಗೆ ಹಾಕಿದಳು. ಅದರ ಎರಡು ತುದಿಗಳೂ ನನ್ನ ಎದೆಯ ಮೇಲಿಂದ ಜಾರಿ, ಅವನ ಮುಖದ ಮುಂದೆ ತೂಗಾಡಿದವು. ತೇಪೆ ಕುಂಯ್ ಎಂದು ಒಂದೇ ನೆಗೆತಕ್ಕೆ ಮೇಜಿನಡಿ ಸೇರಿದ.

ಟೇಪಿನ ತುದಿ ಹಿಡಿದು ನೋಡಿದೆ. ಇಪ್ಪತ್ತಾರು ವರ್ಷದಿಂದ ಆ ಟೇಪು ನನ್ನ ಕೊರಳಲ್ಲಿದೆ. ಬೆಳಿಗ್ಗೆ ಮುಖ ತೊಳೆದು ಹಾಕಿಕೊಂಡರೆ ಮಲಗುವಾಗಲೇ ತೆಗೆಯುವುದು. ಒಮ್ಮೆ ಮದುವೆಮನೆಗೂ ಹಾಗೇ ಹೋಗಿ, ಊಟದ ಸಾಲಿನಲ್ಲಿ ಕೂತ ಮೇಲೆ ಗೊತ್ತಾಗಿತ್ತು. ಊರವರ ಬೆಲ್ಟನ್ನೆಲ್ಲ ಬಿಚ್ಚಿಸಿದವಳು, ಎರಡೂ ಕಡೆ ಜೋಲುವ ಪಟ್ಟಿಯನ್ನು ನಾನೇ ತೊಟ್ಟುಕೊಂಡು, ದಿನಕ್ಕೆ ಹತ್ತು ಸಲ ಅವನ ಮುಂದೆ ಬಗ್ಗಿ, "ಬಾರೋ ಕಂದ," ಅನ್ನುತ್ತಿದ್ದೆ.

"ಅಕ್ಕಾ, ನಾನು ಕತ್ತೆ ಕಣೆ," ಅಂದೆ.

"ಅದು ಹೊಸ ವಿಷಯ ಏನಲ್ಲ. ಈಗೇನಾಯ್ತು?"

ಹೇಳಿದೆ. ಅವಳು ನನ್ನ ಕೊರಳನ್ನೊಮ್ಮೆ, ಮೇಜಿನಡಿಯ ಕತ್ತಲನ್ನೊಮ್ಮೆ ನೋಡಿದಳು. ತಾನೇ ಟೇಪು ತೆಗೆದು, ಸುತ್ತಿ, ಒಳಕೋಣೆಯ ಡ್ರಾಯರಿಗೆ ಹಾಕಿದಳು. "ಇನ್ಮೇಲೆ ಅಳತೆಯೆಲ್ಲ ಪರದೆ ಹಿಂದೆ. ಗಿರಾಕಿಗಳಿಗೆ ನಾನು ಹೇಳ್ಕೊಳ್ತೀನಿ. ಇನ್ನು ಐದು ದಿನ ಇದೆ, ಅಳ್ತಾ ಕೂತ್ಕೋಬೇಡ," ಅಂದಳು. ಆಗಲೇ ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು.

ಹದಿನೇಳನೇ ದಿನ ತೇಪೆ ಮತ್ತೆ ಹೊರಗೆ ಬಂದ. ಹದಿನೆಂಟಕ್ಕೆ ಅಂಗೈಯಿಂದ ರೊಟ್ಟಿ ತಿಂದ. ಹಲ್ಲು ತಾಗದಂತೆ, ತುಟಿಯಲ್ಲೇ ತೆಗೆದುಕೊಂಡ. ಹತ್ತೊಂಬತ್ತಕ್ಕೆ ಗಿರಾಕಿಯೊಬ್ಬರ ರೇಷ್ಮೆ ಅಂಗಿಯ ಮೇಲೆ ಮೂತಿ ಇಟ್ಟು ನಿದ್ದೆ ಹೋದ. ನಾನು ಎಬ್ಬಿಸಲಿಲ್ಲ. ಆಕೆ ಅಂಗಿ ಕೇಳಿಕೊಂಡು ಬಂದಾಗ ಅಕ್ಕ ಮುಖ ಸ್ವಲ್ಪವೂ ಬದಲಿಸದೆ, "ಇನ್ನೂ ಕೊನೇ ಕೆಲಸ ನಡೀತಾ ಇದೆ," ಅಂದಳು.

ಕೊರಳಪಟ್ಟಿಗೆ ಅಳತೆ ಬೇಕಲ್ಲ. ಟೇಪು ತರುವಂತಿಲ್ಲ. ಕೈಯಲ್ಲೇ ಅಳೆದೆ. ಮೊದಲು ಗದ್ದದ ಕೆಳಗೆ ಎರಡು ಬೆರಳು, ಅವನು ನುಂಗುವ ತನಕ ಕಾದು ಇನ್ನೆರಡು, ಆಮೇಲೆ ಅಂಗೈ. ಅವನ ಕೊರಳು ನನ್ನ ಕೈಯೊಳಗೆ ಗಡಗಡ ನಡುಗುತ್ತಿತ್ತು, ಆದರೆ ಅವನು ಕೊಸರಿಕೊಳ್ಳಲಿಲ್ಲ. ಒಂದೂವರೆ ಗೇಣು. ಅವನು ಮಲಗುತ್ತಿದ್ದ ಹಳೇ ದುಪ್ಪಟಿಯಿಂದಲೇ ಒಂದು ತುಂಡು ಕತ್ತರಿಸಿ, ಮೂರು ಮಡಿಕೆ ಮಾಡಿ, ಗಂಟು ಒತ್ತದಂತೆ ಒಳಹೊಲಿಗೆ ಹಾಕಿ ಪಟ್ಟಿ ಹೊಲಿದೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಬಟ್ಟೆಗೆ ಅಷ್ಟು ಹೊತ್ತು ಹಿಡಿದದ್ದಿಲ್ಲ. ಇಪ್ಪತ್ತನೇ ದಿನ ಬೆಳಿಗ್ಗೆ ತೊಡಿಸಿದೆ. ಒಂದು ಸಲ ತಲೆ ಒದರಿ ಸುಮ್ಮನಾದ.

ಹಗ್ಗ ಮಾತ್ರ ಆಗಲಿಲ್ಲ. ಮೆತ್ತಗಿನ ಹತ್ತಿ ಹಗ್ಗವನ್ನೇ ತಂದಿದ್ದೆ. ಪಟ್ಟಿಗೆ ಸಿಕ್ಕಿಸಿದ ಕೂಡಲೇ ತೇಪೆ ನೆಲಕ್ಕೆ ಅಂಟಿಕೊಂಡು ಕಣ್ಣು ಮುಚ್ಚಿದ. ಹೊಡೆತಕ್ಕೆ ಕಾಯುವ ಮುಖ ಅದು. ತಕ್ಷಣ ಬಿಚ್ಚಿದೆ.

"ಬಾಗಿಲಿಗೆ ಎಷ್ಟು ಹೆಜ್ಜೆ ಇದೆ? ಎಂಟು," ಅಂದಳು ಅಕ್ಕ. "ನಾಳೆ ಒಂದು ಸಲ ಎಳ್ಕೊಂಡು ಹೋಗಿ ತೋರಿಸ್ಬಿಡು. ಅವರು ಹೋದ ಮೇಲೆ ಬಿಚ್ಚಿದ್ರಾಯ್ತು. ಬೋನಿಗಿಂತ ಎಂಟು ಹೆಜ್ಜೆ ವಾಸಿ ಅಲ್ವೇನೇ?"

ಅವಳ ಮಾತಲ್ಲಿ ಹುರುಳಿತ್ತು. ಸಂಜೆ ತನಕ ಅದೇ ತಲೆಯಲ್ಲಿ ಕೊರೆಯಿತು. ಎಳೆದರೆ ನಾಯಿ ಉಳಿಯುತ್ತದೆ, ಎಳೆಯದಿದ್ದರೆ ಹೋಗುತ್ತದೆ. ಆದರೆ ನನ್ನ ಕೈಯೊಳಗೆ ಕೊರಳು ಇಟ್ಟವನನ್ನು ಅದೇ ಕೈಯಲ್ಲಿ ಎಳೆಯುವುದು ನನ್ನಿಂದಾಗದ ಕೆಲಸ. ಹಗ್ಗವನ್ನೂ ಡ್ರಾಯರಿಗೆ ಹಾಕಿದೆ. ಮೇಡಂ ಜೊತೆ ಜಗಳವಾಡಿಯೇ ಉಳಿಸಿಕೊಳ್ಳುತ್ತೇನೆ ಅಂತ ನಿಶ್ಚಯಿಸಿದೆ.

ಮರುದಿನ ಹತ್ತು ಗಂಟೆಗೆ ವ್ಯಾನು ಬಂದು ನಿಂತಿತು. ಮೇಡಂ ಒಳಗೆ ಬಂದರು, ಕೈಯಲ್ಲಿ ಚರ್ಮದ ಪಟ್ಟಿ. ತೇಪೆ ಅಂಗಡಿಯ ನಡುವೆ ಮಲಗಿದ್ದವನು ಎದ್ದು ನಿಂತ. ಅವರನ್ನು ನೋಡಿದ, ಪಟ್ಟಿಯನ್ನು ನೋಡಿದ. ಮೇಜಿನಡಿಯ ಜಾಗ ಅವನ ಪಕ್ಕದಲ್ಲೇ ಇತ್ತು. ಅದನ್ನು ಬಿಟ್ಟು ಇಡೀ ಅಂಗಡಿ ದಾಟಿ ಓಡಿ ಬಂದು ನನ್ನ ಕಾಲುಗಳ ಹಿಂದೆ ಅಡಗಿದ. ಪಾದದ ಮೇಲೆ ಅವನ ಭಾರ ಬಿತ್ತು.

"ಹಗ್ಗ ಹಾಕಿ, ಬಾಗಿಲ ತನಕ ಬನ್ನಿ," ಅಂದರು ಮೇಡಂ.

"ಹಾಕಲ್ಲ," ಅಂದೆ. ದನಿ ಎತ್ತಲಿಲ್ಲ. "ಹಗ್ಗ ಅವನಿಗೆ ಇನ್ನೂ ಆಗಲ್ಲ. ಎಳೆದು ತೋರಿಸ್ಬಹುದಿತ್ತು, ಎಳೆಯಲ್ಲ. ಫೇಲ್ ಅಂತ ಬರ್ಕೊಳ್ಳಿ ಬೇಕಾದ್ರೆ. ಮುಂದಿನ ತಿಂಗಳು ಬನ್ನಿ, ಆಗಲೂ ಆಗದಿದ್ರೆ ಅದರ ಮುಂದಿನ ತಿಂಗಳು ಬನ್ನಿ. ಆದ್ರೆ ಇವತ್ತು ಕರ್ಕೊಂಡು ಹೋಗೋದಾದ್ರೆ ನನ್ನ ಕಾಲ ಮೇಲಿಂದ ನೀವೇ ಎತ್ಕೋಬೇಕು. ನಾನು ಕಾಲು ತೆಗೆಯಲ್ಲ."

ಅಕ್ಕ ಕಾಜಾ ಹೊಲಿಯುವುದನ್ನು ಬಿಟ್ಟು ಎದ್ದು ಬಂದು ನನ್ನ ಪಕ್ಕ ನಿಂತಳು. "ನಂದೂ ಅದೇ ಮಾತು. ಅವನು ನಮ್ಮವನು," ಅಂದಳು.

ಮೇಡಂ ನನ್ನ ಮೊಣಕಾಲುಗಳ ನಡುವಿಂದ ಇಣುಕುತ್ತಿದ್ದ ಕಪ್ಪು ಕಣ್ಣನ್ನೇ ನೋಡುತ್ತ ನಿಂತರು. ಆಮೇಲೆ ಚರ್ಮದ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಆ ಎರಡೂ ಮನೆಗೆ ನಾನೇ ಹೋಗಿದ್ದೆ," ಅಂದರು. "ಎರಡು ಕಡೆನೂ ನಾನು ಬಾಗಿಲಿಗೆ ಬಂದಿದ್ದೇ ತಡ, ಓಡಿ ಬಂದು ವ್ಯಾನ್ ಹತ್ತಿ ಕೂತಿದ್ದ. ಕೈಯಲ್ಲಿ ಇದೇ ಪಟ್ಟಿ ಇತ್ತು. ಬೋನಾದ್ರೂ ಸರಿ, ಅಲ್ಲಿಂದ ಹೋದ್ರೆ ಸಾಕು ಅಂತ." ಚೀಲದಿಂದ ದತ್ತು ಕಾಗದ ತೆಗೆದರು. "ಇವತ್ತು ನನ್ನಿಂದ ತಪ್ಪಿಸ್ಕೊಂಡ. ಎಲ್ಲಿ ಸಹಿ ಹಾಕ್ತೀರಿ, ಆ ಮೇಜಿನ ಮೇಲಾ?"

"ಕಾಗದ ಇಲ್ಲಿಗೇ ಕೊಡಿ," ಅಂದೆ.

ನಿಂತಲ್ಲೇ, ಅಕ್ಕನ ಬೆನ್ನ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು. ವ್ಯಾನು ಹೋದ ಮೇಲೆ ರೇಷ್ಮೆ ಅಂಗಿಯ ಗಿರಾಕಿ ಬಂದು, ಇವತ್ತಾದರೂ ಸಿಗುತ್ತದೆಯೇ ಅಂತ ಕೇಳಿದರು. ಅಂಗಿ ಎದುರುಗಡೆ ಮೊಳೆಗೆ ತೂಗುಹಾಕಿತ್ತು, ನಾಲ್ಕೇ ಹೆಜ್ಜೆ.

"ಸಿಗುತ್ತೆ, ಒಂಚೂರು ಕೂತ್ಕೊಳ್ಳಿ," ಅಂದೆ. "ಈಗ ತಾನೇ ನನ್ನ ಕಾಲ ಮೇಲೆ ನಿದ್ದೆ ಹೋಗಿದ್ದಾನೆ."